ವಿದ್ಯುತ್ ಕೆಲಸಗಾರರ ಅರ್ಹತೆ ಮತ್ತು ಪರವಾನಗಿ: ಮಟ್ಟ ಏರಬೇಕಾದುದೇಕೆ?

1997ರ ಜೂನ್ 13ರಂದು ದೆಹಲಿಯ ಗ್ರೀನ್ ಪಾರ್ಕ್ ಪ್ರದೇಶದ ಉಪಹಾರ್ ಚಿತ್ರಮಂದಿರದಲ್ಲಿ ಸಂಭವಿಸಿದ ಅಗ್ನಿ ದುರಂತದಲ್ಲಿ 59 ಮಂದಿ ಪ್ರಾಣ ಕಳೆದುಕೊಂಡರು. ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಅಂದು ಮುಂಜಾನೆ ಆ ಕಟ್ಟಡದ ನೆಲ ಅಂತಸ್ತಿನಲ್ಲಿದ್ದ, ಆಗಿನ ದೆಹಲಿ ವಿದ್ಯುತ್ ಮಂಡಳಿಗೆ ಸೇರಿದ ಟ್ರಾನ್ಸ್‌ಫಾರ್ಮರಿನಲ್ಲಿ ಒಮ್ಮೆ ಬೆಂಕಿ ಕಾಣಿಸಿಕೊಂಡಿತ್ತು. ಅದನ್ನು ಆರಿಸಿ, ಮಧ್ಯಾಹ್ನಕ್ಕೆ ಮುನ್ನವೇ ದುರಸ್ತಿ ಮುಗಿಸಿ, ಮತ್ತೆ ವಿದ್ಯುತ್ ಹರಿಸಲಾಯಿತು. ಕೇಬಲಿನ ತುದಿಗೆ ಅಲ್ಯೂಮಿನಿಯಂ ಸಾಕೆಟ್ ಜೋಡಿಸುವಾಗ, ಆ ಕೆಲಸಕ್ಕೆಂದೇ ಇರುವ ಕ್ರಿಂಪಿಂಗ್ ಯಂತ್ರವನ್ನು ಬಳಸದೆ ಅಚ್ಚು ಮತ್ತು ಸುತ್ತಿಗೆಯಿಂದ ಬಡಿದು ಕೂರಿಸಲಾಗಿತ್ತೆಂದು ನ್ಯಾಯಾಲಯದ ದಾಖಲೆಗಳು ತಿಳಿಸುತ್ತವೆ. ಸಡಿಲವಾಗಿದ್ದ ಆ ಜೋಡಣೆಯಲ್ಲಿ ಕಿಡಿ ಹಾರಿತು. ಸಂಜೆ ಐದು ಗಂಟೆಯ ಸುಮಾರಿಗೆ ಕೇಬಲು ಕಳಚಿ ಟ್ರಾನ್ಸ್‌ಫಾರ್ಮರಿನ ರೇಡಿಯೇಟರಿಗೆ ತಗುಲಿತು. ಎಣ್ಣೆ ಸೋರಿ ಹೊತ್ತಿಕೊಂಡಿತು, ದಟ್ಟ ಹೊಗೆ ಮೇಲಿನ ಬಾಲ್ಕನಿಯನ್ನು ಆವರಿಸಿತು. ಹೊರಹೋಗುವ ದಾರಿಗಳಿಗೆ ಇದ್ದ ಅಡೆತಡೆಗಳು ಸಾವಿನ ಸಂಖ್ಯೆಯನ್ನು ಹೆಚ್ಚಿಸಿದುವು. ಆದರೆ ಆ ದುರ್ಘಟನೆಯ ಸರಪಳಿಯ ಮೊದಲ ಕೊಂಡಿ, ಒಂದು ಗಂಟೆಯ ಅವಧಿಯಲ್ಲಿ ಅರೆಬರೆಯಾಗಿ ಮಾಡಿ ಮುಗಿಸಿದ ಒಂದು ಜೋಡಣೆಯಾಗಿತ್ತು.

ಇಂಥ ದೊಡ್ಡ ದುರಂತಗಳು ದೇಶದ ಗಮನ ಸೆಳೆಯುತ್ತವೆ. ಒಬ್ಬೊಬ್ಬರಾಗಿ ಸಾಯುವವರ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ಬಂದು ಮರೆಯಾಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ವರದಿಯಂತೆ 2021ರಲ್ಲಿ ವಿದ್ಯುದಾಘಾತದಿಂದ ಸತ್ತವರ ಸಂಖ್ಯೆ ಹನ್ನೆರಡು ಸಾವಿರವನ್ನು ಮೀರಿತ್ತು. ಈ ಸಾವುಗಳೆಲ್ಲವೂ ಕೆಲಸಗಾರನ ತಪ್ಪಿನಿಂದ ಆದುವಲ್ಲ. ಹರಿದು ಬಿದ್ದ ತಂತಿ, ಹಳೆಯ ಉಪಕರಣ, ಬಳಕೆದಾರರ ಅಜಾಗ್ರತೆ ಮುಂತಾದ ಕಾರಣಗಳೂ ಇವೆ. ಆದರೂ ಅರಿತ ಕೈಯಿಂದ ತಂತಿ ಎಳೆಸಿದ್ದರೆ, ಎಳೆದ ಬಳಿಕ ಪರೀಕ್ಷೆ ಮಾಡಿಸಿದ್ದರೆ ಉಳಿಯುತ್ತಿದ್ದ ಜೀವಗಳು ಇವುಗಳ ನಡುವೆ ಇವೆಯೆಂಬುದರಲ್ಲಿ ಸಂದೇಹವಿಲ್ಲ.

ಕಣ್ಣಿಗೆ ಕಾಣದ ದೋಷ

ಬಡಗಿ ಮಾಡಿದ ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಮನೆಯ ಯಜಮಾನನಿಗೆ ಒಡನೆ ತಿಳಿಯುತ್ತದೆ. ನಲ್ಲಿ ಸೋರಿದರೆ ನೀರು ಕಾಣುತ್ತದೆ. ವಿದ್ಯುತ್ತಿನ ಕೆಲಸ ಹಾಗಲ್ಲ. ತಪ್ಪಾಗಿ ಜೋಡಿಸಿದ ತಂತಿಯಿಂದಲೂ ದೀಪ ಉರಿಯುತ್ತದೆ, ಪಂಖ ತಿರುಗುತ್ತದೆ. ಸ್ವಿಚ್ಚನ್ನು ಫೇಸ್ ತಂತಿಗೆ ಹಾಕುವ ಬದಲು ನ್ಯೂಟ್ರಲ್ ತಂತಿಗೆ ಹಾಕಿದರೆ ಸ್ವಿಚ್ ಆರಿಸಿದಾಗ ದೀಪವೇನೋ ಆರುತ್ತದೆ, ಆದರೆ ದೀಪದ ಹೋಲ್ಡರಿನಲ್ಲಿ ವಿದ್ಯುತ್ತು ಹಾಗೆಯೇ ಇರುತ್ತದೆ. ಬಲ್ಬು ಬದಲಿಸಲು ಕೈಯಿಟ್ಟವನಿಗೆ ಮಾತ್ರ ಆ ದೋಷ ಗೋಚರವಾಗುತ್ತದೆ.

ಸಡಿಲವಾದ ಜೋಡಣೆಯ ಪರಿಣಾಮವನ್ನು ಒಂದು ಸರಳ ಲೆಕ್ಕದಿಂದ ಅರಿಯಬಹುದು. 2,000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಪ್ರವಾಹವನ್ನು ಸೆಳೆಯುತ್ತದೆ. ಬಿಗಿಯಾಗಿ ಕೂರದ ಒಂದು ತಿರುಪಿನ ಬಳಿ ಅರ್ಧ ಓಮಿನಷ್ಟು ರೋಧ ಉಂಟಾಗಿದೆಯೆಂದು ಭಾವಿಸೋಣ. ಉತ್ಪನ್ನವಾಗುವ ಶಾಖವು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು, ಅಂದರೆ ಇಲ್ಲಿ ಸುಮಾರು 38 ವ್ಯಾಟ್. ರೇಡಿಯೋ ದುರಸ್ತಿಗಾರನು ಸೀಸವನ್ನು ಕರಗಿಸಲು ಬಳಸುವ ಸಾಮಾನ್ಯ ಬೆಸುಗೆ ಕಡ್ಡಿಯ ಶಕ್ತಿ 25 ವ್ಯಾಟ್. ಅದಕ್ಕಿಂತಲೂ ಹೆಚ್ಚಿನ ಶಾಖವು ಸ್ನಾನದ ಮನೆಯ ಗೋಡೆಯೊಳಗಿನ ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಪ್ರತಿದಿನವೂ ಹುಟ್ಟುತ್ತಿರುತ್ತದೆ. ತಂತಿಯ ಹೊದಿಕೆ ಮೊದಲು ಗಡುಸಾಗಿ, ಬಳಿಕ ಸುಟ್ಟು, ಒಂದು ದಿನ ಹೊತ್ತಿಕೊಳ್ಳುತ್ತದೆ.

ಭೂಸಂಪರ್ಕದ ತಂತಿಯ ವಿಷಯವೂ ಇಂಥದೇ. ಅದು ಇಲ್ಲದಿದ್ದರೂ ಎಲ್ಲ ಉಪಕರಣಗಳೂ ಎಂದಿನಂತೆ ನಡೆಯುತ್ತವೆ. ಅದರ ಅಗತ್ಯ ತಿಳಿಯುವುದು ವಿದ್ಯುತ್ತು ಉಪಕರಣದ ಲೋಹದ ಮೈಗೆ ಸೋರಿದ ಆ ಒಂದು ಕ್ಷಣದಲ್ಲಿ. ಹೀಗೆ ಕೆಲಸದ ಗುಣವನ್ನು ಕೆಲಸ ಮಾಡಿಸಿಕೊಂಡವನು ನೋಡಿ ತಿಳಿಯಲಾರನಾದುದರಿಂದ, ಮಾಡುವವನ ಅರ್ಹತೆಯನ್ನು ಸಮಾಜವು ಮೊದಲೇ ಪರೀಕ್ಷಿಸಿ ಖಚಿತಪಡಿಸಬೇಕಾಗುತ್ತದೆ. ಪರವಾನಗಿ ಪದ್ಧತಿಯ ಮೂಲ ತತ್ತ್ವವೇ ಇದು.

ಕಾನೂನಿನ ವ್ಯವಸ್ಥೆ

ಈ ತತ್ತ್ವ ನಮ್ಮ ದೇಶದಲ್ಲಿ ಹೊಸದಲ್ಲ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳ 45ನೆಯ ನಿಯಮವು ವಿದ್ಯುತ್ ಸ್ಥಾಪನೆಯ ಕೆಲಸವನ್ನು ಯಾರು ಮಾಡಬಹುದೆಂಬುದನ್ನು ಸ್ಪಷ್ಟಪಡಿಸಿತ್ತು. 2003ರ ವಿದ್ಯುಚ್ಛಕ್ತಿ ಅಧಿನಿಯಮ ಜಾರಿಗೆ ಬಂದ ತರುವಾಯ ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ ಸುರಕ್ಷತೆ ಮತ್ತು ವಿದ್ಯುತ್ ಪೂರೈಕೆಗೆ ಸಂಬಂಧಿಸಿದ ವಿನಿಯಮಗಳನ್ನು ಹೊರಡಿಸಿತು. 2023ರಲ್ಲಿ ಅವುಗಳ ಸ್ಥಾನದಲ್ಲಿ ಹೊಸ ವಿನಿಯಮಗಳು ಬಂದಿವೆ.

ಈ ವ್ಯವಸ್ಥೆಯಲ್ಲಿ ಮೂರು ಹಂತಗಳಿವೆ. ಕೆಲಸವನ್ನು ವಹಿಸಿಕೊಳ್ಳುವ ಗುತ್ತಿಗೆದಾರನಿಗೆ ರಾಜ್ಯ ಸರ್ಕಾರದ ಪರವಾನಗಿ ಇರಬೇಕು. ಕೆಲಸವು ಸಾಮರ್ಥ್ಯ ಪ್ರಮಾಣಪತ್ರ ಪಡೆದ ಮೇಲ್ವಿಚಾರಕನ ನೇರ ಉಸ್ತುವಾರಿಯಲ್ಲಿ ನಡೆಯಬೇಕು. ತಂತಿಗೆ ಕೈ ಹಾಕುವ ವೈರ್‌ಮನ್‌ನಲ್ಲಿ ಅನುಮತಿ ಪತ್ರ ಇರಬೇಕು. ಸುಟ್ಟ ಬಲ್ಬು, ಫ್ಯೂಸು, ಸ್ವಿಚ್ಚು, ಪಂಖ ಮೊದಲಾದುವನ್ನು ಸ್ಥಾಪನೆಯ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗದಂತೆ ಬದಲಿಸುವುದಕ್ಕೆ ಮಾತ್ರ ಈ ನಿರ್ಬಂಧದಿಂದ ವಿನಾಯಿತಿಯುಂಟು. ಹೊಸ ಕೋಣೆಗೆ ತಂತಿ ಎಳೆಯುವುದು, ಹವಾನಿಯಂತ್ರಕಕ್ಕೆಂದು ಬೇರೆ ಸರ್ಕ್ಯೂಟ್ ಹಾಕುವುದು ಈ ವಿನಾಯಿತಿಯೊಳಗೆ ಬರುವುದಿಲ್ಲವೆಂಬುದನ್ನು ಗಮನಿಸಬೇಕು.

ಕೆಲಸ ಹೇಗಿರಬೇಕೆಂಬುದಕ್ಕೂ ಮಾನಕಗಳಿವೆ. ಭಾರತೀಯ ಮಾನಕ ಸಂಸ್ಥೆಯ ಐಎಸ್ 732 ಕಟ್ಟಡಗಳ ತಂತಿ ಜೋಡಣೆಯನ್ನೂ, ಐಎಸ್ 3043 ಭೂಸಂಪರ್ಕವನ್ನೂ ಕುರಿತದ್ದು. 1985ರಲ್ಲಿ ಮೊದಲು ಪ್ರಕಟವಾದ ರಾಷ್ಟ್ರೀಯ ವಿದ್ಯುತ್ ಸಂಹಿತೆಯು 2011 ಮತ್ತು 2023ರಲ್ಲಿ ಪರಿಷ್ಕೃತವಾಗಿದೆ. ಹೀಗಿರುವಾಗ ಕೊರತೆ ಇರುವುದು ನಿಯಮಗಳಲ್ಲಲ್ಲ, ನಿಯಮದ ಪುಟಕ್ಕೂ ಕೆಲಸಗಾರನ ಕೈಗೂ ನಡುವಣ ಅಂತರದಲ್ಲಿ.

ಮಟ್ಟ ಏರಿಸುವುದೆಂದರೇನು?

ಕಸುಬಿಗೆ ಪ್ರವೇಶಿಸಲು ಇರುವ ಮುಖ್ಯ ಹೆದ್ದಾರಿ ಕೈಗಾರಿಕಾ ತರಬೇತಿ ಸಂಸ್ಥೆಗಳು. ಇಲ್ಲಿನ ಎಲೆಕ್ಟ್ರಿಷಿಯನ್ ಶಿಕ್ಷಣದ ಅವಧಿ ಎರಡು ವರ್ಷ. ಹತ್ತನೆಯ ತರಗತಿಯಲ್ಲಿ ವಿಜ್ಞಾನ ಮತ್ತು ಗಣಿತ ಓದಿ ಉತ್ತೀರ್ಣರಾದವರು ಇದಕ್ಕೆ ಸೇರಬಹುದು. 1961ರ ಶಿಶಿಕ್ಷು ಅಧಿನಿಯಮದ ಮೇರೆಗೆ ಕಾರ್ಖಾನೆಗಳಲ್ಲಿ ದುಡಿಯುತ್ತ ಕಲಿಯುವ ಅವಕಾಶವೂ ಇದೆ. ಆದರೆ ನಗರಗಳ ಮನೆಮನೆಗಳಲ್ಲಿ ತಂತಿ ಎಳೆಯುವ ಅನೇಕರು ಈ ದಾರಿಯಿಂದ ಬಂದವರಲ್ಲ. ಹಿರಿಯ ಮೇಸ್ತ್ರಿಯೊಬ್ಬನ ಜೊತೆ ಏಣಿ ಹಿಡಿಯುವುದರಿಂದ ಆರಂಭಿಸಿ, ನೋಡುತ್ತ ಕೈ ಪಳಗಿಸಿಕೊಂಡವರು. ಅವರ ಕೈಚಳಕವನ್ನು ಕಡೆಗಣಿಸಲಾಗದು. ಆದರೆ ಗುರುವಿಗೆ ತಿಳಿಯದಿದ್ದುದು ಶಿಷ್ಯನಿಗೂ ತಿಳಿಯದೆ ಹೋಗುತ್ತದೆ, ಗುರುವಿನ ತಪ್ಪು ಶಿಷ್ಯನ ಅಭ್ಯಾಸವಾಗುತ್ತದೆ.

ಆದುದರಿಂದ ಮಟ್ಟ ಏರಿಸುವುದೆಂದರೆ ಪರವಾನಗಿಯ ಶುಲ್ಕವನ್ನು ಹೆಚ್ಚಿಸುವುದಲ್ಲ, ಓದಿನ ತರಗತಿಯನ್ನು ಇನ್ನೊಂದು ಮೆಟ್ಟಿಲು ಮೇಲಕ್ಕೇರಿಸುವುದಷ್ಟೇ ಅಲ್ಲ. ಮುಖ್ಯವಾಗಿ ಮೂರು ಅಂಶಗಳು ಆವಶ್ಯಕ.

ಮೊದಲನೆಯದು, ಪರೀಕ್ಷೆ ಕೈಕೆಲಸದ್ದಾಗಿರಬೇಕು. ಅಭ್ಯರ್ಥಿಯು ತಂತಿ ಜೋಡಿಸಿ ತೋರಿಸುವುದರೊಂದಿಗೆ, ಜೋಡಿಸಿದುದನ್ನು ಪರೀಕ್ಷಿಸಿಯೂ ತೋರಿಸಬೇಕು. ಭೂಸಂಪರ್ಕದ ಅಖಂಡತೆ, ಫೇಸ್ ಮತ್ತು ನ್ಯೂಟ್ರಲ್‌ಗಳ ಸ್ಥಾನ, 500 ವೋಲ್ಟಿನ ಮೆಗ್ಗರ್‌ನಿಂದ ಅಳೆದಾಗ ತಂತಿಯ ಹೊದಿಕೆಯ ರೋಧ ಕನಿಷ್ಠ ಒಂದು ಮೆಗಾಓಮ್ ಇರುವುದು, ಸೋರಿಕೆ ರಕ್ಷಕ ಸಾಧನ 30 ಮಿಲಿಆಂಪಿಯರ್ ಒಳಗೆ ಕಡಿದುಕೊಳ್ಳುವುದು, ಇವೆಲ್ಲವೂ ಪರೀಕ್ಷೆಯಿಂದಲ್ಲದೆ ತಿಳಿಯುವಂಥವಲ್ಲ. ಅಳತೆಯ ಉಪಕರಣ ಹಿಡಿಯಲು ಬಾರದವನು ತನ್ನ ಕೆಲಸದ ಗುಣವನ್ನು ತಾನೇ ಅರಿಯಲಾರನು.

ಎರಡನೆಯದು, ಮೇಲ್ವಿಚಾರಣೆ ನಿಜವಾದುದಾಗಿರಬೇಕು. ಮೇಲ್ವಿಚಾರಕನು ಸ್ಥಳಕ್ಕೆ ಬಾರದೆ ಸಹಿಯನ್ನು ಮಾತ್ರ ಎರವಲು ಕೊಟ್ಟರೆ ಮೂರು ಹಂತಗಳ ವ್ಯವಸ್ಥೆಯೇ ಕುಸಿಯುತ್ತದೆ. ಪ್ರಮಾಣಪತ್ರದ ಅಡಿಯಲ್ಲಿರುವ ಸಹಿ ಒಂದು ಜೀವದ ಹೊಣೆಯೆಂಬ ಅರಿವು ಮೂಡಬೇಕು.

ಮೂರನೆಯದು, ಪರವಾನಗಿಯ ನವೀಕರಣದೊಂದಿಗೆ ಜ್ಞಾನದ ನವೀಕರಣವೂ ಆಗಬೇಕು. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯು ಒಂದು ಕೋಟಿ ಮನೆಗಳ ಛಾವಣಿಯ ಮೇಲೆ ಸೌರಫಲಕಗಳನ್ನು ಅಳವಡಿಸುವ ಗುರಿ ಹೊಂದಿದೆ. ಸೌರಫಲಕದಿಂದ ಬರುವುದು ಏಕಮುಖ ಪ್ರವಾಹ. ಮನೆಯ ಪರ್ಯಾಯ ಪ್ರವಾಹ ಸೆಕೆಂಡಿಗೆ ನೂರು ಬಾರಿ ಶೂನ್ಯಕ್ಕೆ ಇಳಿಯುವುದರಿಂದ ಅದರ ಕಿಡಿ ಬೇಗನೆ ನಂದುತ್ತದೆ. ಏಕಮುಖ ಪ್ರವಾಹಕ್ಕೆ ಆ ಬಿಡುವಿಲ್ಲದಿರುವುದರಿಂದ ಕಿಡಿ ಉರಿಯುತ್ತಲೇ ಇರಬಲ್ಲದು. ಬಿಸಿಲಿರುವವರೆಗೆ ಫಲಕದ ತಂತಿಗಳಲ್ಲಿ ವಿದ್ಯುತ್ತೂ ಇರುತ್ತದೆ, ಮುಖ್ಯ ಸ್ವಿಚ್ ಆರಿಸಿದರೂ ಅದು ಹೋಗದು. ಇಪ್ಪತ್ತು ವರ್ಷಗಳ ಹಿಂದೆ ಪರವಾನಗಿ ಪಡೆದವನಿಗೆ ಇದನ್ನು ಯಾರೂ ಕಲಿಸಿರಲಾರರು. ವಾಹನಗಳಿಗೆ ವಿದ್ಯುತ್ ತುಂಬುವ ಸಾಧನಗಳ ವಿಷಯದಲ್ಲಿಯೂ ಇದೇ ಮಾತು.

ಅನುಭವಿಗಳನ್ನು ಕೈಬಿಡಲಾಗದು

ಮಟ್ಟ ಏರಿದಾಗ ಹಳಬರ ಗತಿಯೇನು ಎಂಬ ಆತಂಕ ಸಹಜ. ಹತ್ತಾರು ವರ್ಷ ಈ ಕೆಲಸದಿಂದಲೇ ಸಂಸಾರ ಸಾಗಿಸಿದವನನ್ನು ಒಂದು ಪ್ರಮಾಣಪತ್ರವಿಲ್ಲವೆಂಬ ಕಾರಣಕ್ಕೆ ಹೊರದೂಡಿದರೆ ಅವನು ಕೆಲಸ ಬಿಡುವುದಿಲ್ಲ, ಕಾನೂನಿನ ಕಣ್ಣು ತಪ್ಪಿಸಿ ಮಾಡುತ್ತಾನೆ. ಅದರಿಂದ ಅವನಿಗೂ ಹಾನಿ, ಮನೆಯವರಿಗೂ ಹಾನಿ. 2010ರ ವಿನಿಯಮಗಳು ವಿದ್ಯುತ್ ಜಾಲದ ತಂತ್ರಜ್ಞರಿಗೆ ಶಿಕ್ಷಣ ಮತ್ತು ತರಬೇತಿಯನ್ನು ಕಡ್ಡಾಯಗೊಳಿಸಿದಾಗ, ಆಗಲೇ ಸೇವೆಯಲ್ಲಿದ್ದವರು ನಿಗದಿತ ಅವಧಿಯೊಳಗೆ ತರಬೇತಿ ಪಡೆಯಲು ಅವಕಾಶ ಕಲ್ಪಿಸಿದುವು. ಅನುಸರಿಸಬೇಕಾದ ಮಾರ್ಗ ಅದೇ.

ಮನೆಗಳ ಕೆಲಸಗಾರರಿಗೂ ಇಂಥ ಸೇತುವೆಯೊಂದು ಲಭ್ಯವಿದೆ. 2013ರಲ್ಲಿ ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟು ಅಧಿಸೂಚಿತವಾಯಿತು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯಲ್ಲಿ, ಶಾಲೆಯ ಹೊರಗೆ ಗಳಿಸಿದ ಕೌಶಲ್ಯವನ್ನು ಪರೀಕ್ಷಿಸಿ ಪ್ರಮಾಣೀಕರಿಸುವ ವ್ಯವಸ್ಥೆಯನ್ನು ಸೇರಿಸಲಾಯಿತು. ಕೆಲವು ದಿನಗಳ ತರಬೇತಿಯಲ್ಲಿ ಅರಿವಿನ ಕೊರತೆಗಳನ್ನು ತುಂಬಿ ಅನಂತರ ಮೌಲ್ಯಮಾಪನ ನಡೆಸಲಾಗುತ್ತದೆ. ಆದರೆ ಕೌಶಲ್ಯ ಪ್ರಮಾಣಪತ್ರವೇ ಬೇರೆ, ರಾಜ್ಯ ಸರ್ಕಾರದ ಅನುಮತಿ ಪತ್ರವೇ ಬೇರೆ. ಮೊದಲನೆಯದು ಕಲಿತುದಕ್ಕೆ ಸಾಕ್ಷಿ, ಎರಡನೆಯದು ಕೆಲಸ ಮಾಡಲು ಅಧಿಕಾರ. ಇವೆರಡನ್ನೂ ಒಂದಕ್ಕೊಂದು ಹೊಂದಿಸಿ, ಮೊದಲನೆಯದನ್ನು ಪಡೆದವನಿಗೆ ಎರಡನೆಯದರ ದಾರಿ ಸುಗಮವಾಗುವಂತೆ ಮಾಡುವುದು ಇಂದಿನ ಅಗತ್ಯ.

ರಾಜ್ಯದ ಗಡಿ ದಾಟಿದಾಗ

ಕರ್ನಾಟಕದಿಂದ ಮುಂಬಯಿ, ಪುಣೆ, ಹೈದರಾಬಾದ್, ಚೆನ್ನೈ ಮುಂತಾದ ನಗರಗಳಿಗೆ ಹೋಗಿ ಈ ಕಸುಬಿನಲ್ಲಿ ತೊಡಗಲು ಬಯಸುವವರು ಒಂದು ಅಂಶವನ್ನು ಮುಖ್ಯವಾಗಿ ತಿಳಿದಿರಬೇಕು. ವಿನಿಯಮಗಳು ಇಡೀ ದೇಶಕ್ಕೆ ಅನ್ವಯಿಸಿದರೂ ಪರವಾನಗಿ ನೀಡುವುದು ಆಯಾ ರಾಜ್ಯ ಸರ್ಕಾರ. ಒಂದು ರಾಜ್ಯದ ಅನುಮತಿ ಪತ್ರ ಇನ್ನೊಂದು ರಾಜ್ಯದಲ್ಲಿ ನಡೆಯಬೇಕಾದರೆ ಆ ರಾಜ್ಯದ ಮಾನ್ಯತೆ ಬೇಕು. ಆದುದರಿಂದ ಊರಿನ ಪತ್ರವೊಂದನ್ನೇ ನೆಚ್ಚಿಕೊಳ್ಳದೆ, ನೆಲೆಸಿದ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದಲ್ಲಿ ಅಥವಾ ಪರವಾನಗಿ ಮಂಡಳಿಯಲ್ಲಿ ವಿಚಾರಿಸಿ, ಮಾನ್ಯತೆಗೆ ಅರ್ಜಿ ಸಲ್ಲಿಸುವುದು ಕ್ಷೇಮ. ದುಡಿಮೆಗಾಗಿ ಜನರು ನಾಡಿನಿಂದ ನಾಡಿಗೆ ಹೋಗುವ ಈ ಕಾಲದಲ್ಲಿ, ರಾಜ್ಯಗಳ ಪರೀಕ್ಷೆಗಳು ಸಮಾನ ಮಟ್ಟಕ್ಕೆ ಬಂದರೆ ಪರಸ್ಪರ ಮಾನ್ಯತೆಯೂ ಸುಲಭವಾಗುವುದು.

ನಾಗರಿಕರ ಪಾತ್ರ

ಕಾನೂನು ಎಷ್ಟೇ ಬಿಗಿಯಾಗಿದ್ದರೂ ಪ್ರತಿ ಮನೆಯ ಬಾಗಿಲಲ್ಲಿ ಪರಿವೀಕ್ಷಕನೊಬ್ಬನನ್ನು ನಿಲ್ಲಿಸಲಾಗದು. ಕೆಲಸ ಮಾಡಿಸುವವರು ಕೆಲವು ಸರಳ ಕ್ರಮಗಳನ್ನು ಅನುಸರಿಸಬಹುದು. ಕೆಲಸ ಆರಂಭವಾಗುವ ಮುನ್ನ ಗುತ್ತಿಗೆದಾರನ ಪರವಾನಗಿಯನ್ನೂ ವೈರ್‌ಮನ್‌ನ ಅನುಮತಿ ಪತ್ರವನ್ನೂ ಕೇಳಿ ನೋಡಬೇಕು, ಅವುಗಳ ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಗೋಡೆ ಮುಚ್ಚುವ ಮೊದಲು ಮೇಲ್ವಿಚಾರಕನು ಬಂದು ನೋಡುವಂತೆ ಒತ್ತಾಯಿಸಬೇಕು. ಕೆಲಸ ಮುಗಿದ ಬಳಿಕ ಅಳತೆಗಳನ್ನು ಬರೆದ ಪರೀಕ್ಷಾ ವರದಿಯನ್ನು ಪಡೆದು ಜೋಪಾನವಾಗಿ ಇಡಬೇಕು. ಸೋರಿಕೆ ರಕ್ಷಕ ಸಾಧನದ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ಅದು ಕಡಿದುಕೊಳ್ಳುವುದೇ ಎಂದು ನೋಡಬೇಕು.

ಅರ್ಹ ಕೆಲಸಗಾರನ ಕೂಲಿ ಕೊಂಚ ಹೆಚ್ಚಾಗಬಹುದು. ಆತನು ಪರೀಕ್ಷೆಗೆಂದು ಕಳೆಯುವ ಅರ್ಧ ದಿನಕ್ಕೂ ನಾವು ಹಣ ಕೊಡಬೇಕಾದೀತು. ಅಗ್ಗದ ಕೆಲಸವನ್ನೇ ನಾವು ಅರಸುತ್ತ ಹೋದರೆ, ಕಷ್ಟಪಟ್ಟು ಕಲಿತು ಪರೀಕ್ಷೆ ಕಟ್ಟಿದವನಿಗೆ ಆ ಕಲಿಕೆಯಿಂದ ಏನೂ ದೊರೆತಂತಾಗುವುದಿಲ್ಲ, ಅವನನ್ನು ನೋಡಿ ಕಿರಿಯರು ಕಲಿಯಲು ಮುಂದಾಗುವುದೂ ಇಲ್ಲ. ಅನುಮತಿ ಪತ್ರವನ್ನು ಕೇಳುವ ಮನೆಗಳು ಹೆಚ್ಚಿದಂತೆ ಅದನ್ನು ಪಡೆಯುವ ಕೆಲಸಗಾರರೂ ಹೆಚ್ಚುತ್ತಾರೆ. ಗೋಡೆಯೊಳಗೆ ಅಡಗಿದ ತಂತಿಯನ್ನು ಮನೆಯವರು ಮುಂದೆ ನೋಡಲಾರರು. ಅದನ್ನು ಎಳೆದ ಕೈಯ ಅರ್ಹತೆಯನ್ನು, ಗೋಡೆ ಮುಚ್ಚುವ ಮೊದಲು, ನೋಡಬಲ್ಲರು.