ಗಣಕದ ಪಟದಲ್ಲಿ ಕನ್ನಡವೇಕೆ ಮರೆಯಾಗುವುದು?

ಅಂಕಿಅಂಶಗಳ ಮೂಲಕ ಲೋಕವ್ಯಾಪಾರವನ್ನು ಅರಿಯುವ ವಿದ್ಯೆಗೆ ಸಂಖ್ಯಾಶಾಸ್ತ್ರವೆಂದು ಹೆಸರು. ಈ ಶಾಸ್ತ್ರದಲ್ಲಿ ಜಗದ್ವಿಖ್ಯಾತರಾದ ಸಿ. ಆರ್. ರಾವ್ ಅವರು 1920ರಲ್ಲಿ ಕನ್ನಡನಾಡಿನ ಹೂವಿನಹಡಗಲಿಯಲ್ಲಿ ಜನಿಸಿದರೆಂಬುದು ನಮಗೆ ಅಭಿಮಾನದ ಸಂಗತಿ. ಇಂದು ಈ ಶಾಸ್ತ್ರದ ಗಣನೆಗೆ ಎಲ್ಲೆಡೆ ಬಳಕೆಯಲ್ಲಿರುವ ತಂತ್ರಾಂಶಗಳಲ್ಲಿ ‘ಆರ್’ ಎಂಬುದು ಪ್ರಮುಖವಾದುದು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬ ಇಬ್ಬರು ವಿದ್ವಾಂಸರು ಅದನ್ನು ರಚಿಸಿ, 1995ರಲ್ಲಿ ಮೂಲಬರಹ ಸಹಿತವಾಗಿ ಸರ್ವರಿಗೂ ಮುಕ್ತಗೊಳಿಸಿದರು. ಬಡವ ಬಲ್ಲಿದರೆನ್ನದೆ ಯಾರಾದರೂ ಅದನ್ನು ಬೆಲೆಯಿಲ್ಲದೆ ಪಡೆಯಬಹುದು.

ವಿದ್ಯಾರ್ಥಿಯೊಬ್ಬನು ನಮ್ಮೂರಿನ ಮಳೆಯನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಳೆದು, ಆರ್‌ನಲ್ಲಿ ಪಟ ಬರೆದು, ಮೇಲೆ ‘ಕಳಂಬೋಲಿಯ ಮಳೆ’ ಎಂದು ಶೀರ್ಷಿಕೆ ಕೊಟ್ಟನೆನ್ನಿ. ಪಟದ ಕಂಬಗಳೇನೋ ಸರಿಯಾಗಿ ಮೂಡುವುವು. ಶೀರ್ಷಿಕೆಯ ಸ್ಥಳದಲ್ಲಿ ಮಾತ್ರ ಬರಿಯ ಚೌಕಗಳ ಸಾಲು! ಆಗ ಅವನು, “ಶಾಸ್ತ್ರಕ್ಕೆ ಕನ್ನಡ ಒಗ್ಗದು” ಎಂದುಕೊಂಡು ಇಂಗ್ಲಿಷಿನಲ್ಲಿ ಬರೆದು ಮುಗಿಸುವುದುಂಟು. ಇದು ಅವಸರದ ತೀರ್ಪು. ದೋಷವಿರುವುದು ಭಾಷೆಯಲ್ಲಲ್ಲ, ಯಂತ್ರದ ಏರ್ಪಾಡಿನಲ್ಲಿ.

ಗಣಕಕ್ಕೆ ಅಕ್ಷರವೆಂದರೆ ಒಂದು ಸಂಖ್ಯೆ ಮಾತ್ರ. ‘ಕಳಂಬೋಲಿ’ ಎಂಬಲ್ಲಿ ನಮ್ಮ ಕಣ್ಣಿಗೆ ಕಾಣುವ ಅಕ್ಷರಗಳು ನಾಲ್ಕು. ಯೂನಿಕೋಡ್ ಎಂಬ ಲೋಕಸಮ್ಮತ ಪದ್ಧತಿಯಲ್ಲಾದರೋ ಕ, ಳ, ಅನುಸ್ವಾರ, ಬ, ಓಕಾರದ ಗುರುತು, ಲ, ಇಕಾರದ ಗುರುತು ಎಂದು ಏಳು ಸಂಖ್ಯೆಗಳು. ಇವು ಪಟದಲ್ಲಿ ಅಕ್ಷರವಾಗಿ ಮೂಡಬೇಕಾದರೆ ಮೂರು ಕಾರ್ಯಗಳು ನಡೆಯಬೇಕು: ಸಂಖ್ಯೆಗಳನ್ನು ಸರಿಯಾಗಿ ಓದುವುದು, ಪ್ರತಿಯೊಂದಕ್ಕೂ ತಕ್ಕ ಆಕೃತಿಯನ್ನು ಫಾಂಟಿನಲ್ಲಿ ಹುಡುಕುವುದು, ಆಕೃತಿಗಳನ್ನು ಕಾಗುಣಿತ ಒತ್ತಕ್ಷರಗಳಾಗಿ ಜೋಡಿಸುವುದು.

ವೈದ್ಯನು ಲಕ್ಷಣದಿಂದ ರೋಗವನ್ನು ತಿಳಿಯುವಂತೆ ನಾವೂ ಇಲ್ಲಿ ದೋಷವನ್ನು ತಿಳಿಯಬಹುದು. ಅರ್ಥವಿಲ್ಲದ ವಿಚಿತ್ರ ಚಿಹ್ನೆಗಳು ಕಂಡರೆ ಓದುವಿಕೆಯಲ್ಲಿ ತಪ್ಪಿದೆ. ಕಡತವನ್ನು ಯುಟಿಎಫ್-8 ಕ್ರಮದಲ್ಲಿ ಉಳಿಸಬೇಕು. ವಿಂಡೋಸ್ ಗಣಕದಲ್ಲಿ 2022ರ 4.2.0 ಆವೃತ್ತಿಯಿಂದ ಈಚೆಗೆ ಆರ್ ಈ ಕ್ರಮವನ್ನೇ ತನ್ನದಾಗಿಸಿಕೊಂಡಿರುವುದರಿಂದ ಹಳೆಯ ಆವೃತ್ತಿಯನ್ನು ಬದಲಿಸುವುದು ಲೇಸು. ಚೌಕಗಳು ಕಂಡರೆ ಫಾಂಟಿನಲ್ಲಿ ಕನ್ನಡದ ಆಕೃತಿಗಳಿಲ್ಲ. ನೋಟೋ ಸ್ಯಾನ್ಸ್ ಕನ್ನಡದಂತಹ ಉಚಿತ ಫಾಂಟನ್ನು ಸ್ಥಾಪಿಸಿ, ಆದೇಶದಲ್ಲಿ ಅದರ ಹೆಸರನ್ನು ಸೂಚಿಸಬೇಕು. ಅಕ್ಷರಗಳು ಮೂಡಿಯೂ ‘ಕ್ಷ’ ಎಂಬುದು ಒಡೆದು ಕ, ಷ ಬೇರೆಬೇರೆಯಾಗಿ ನಿಂತರೆ ಜೋಡಣೆ ನಡೆದಿಲ್ಲ. ಪಟವನ್ನು ಉಳಿಸುವಾಗ ಜೋಡಣೆಯನ್ನು ಬಲ್ಲ ‘ರ್‍ಯಾಗ್’ ಎಂಬ ಉಪಾಂಗವನ್ನು ಬಳಸಬೇಕು.

ಆದೇಶಗಳ ಬರವಣಿಗೆಯಲ್ಲಿಯೂ ಎಚ್ಚರ ಬೇಕು. ಪರದೆಯ ಮೇಲೆ ಕೂಡಿಸುವ ಚಿಹ್ನೆ ಮಾತ್ರ ಬಂದು ಆರ್ ಸುಮ್ಮನೆ ನಿಂತರೆ, ತೆರೆದ ಆವರಣವನ್ನೋ ಉದ್ಧರಣ ಚಿಹ್ನೆಯನ್ನೋ ಮುಚ್ಚಿಲ್ಲವೆಂದು ತಿಳಿಯಿರಿ. ಉಳಿಸಿದ ಪಟದ ಕಡತ ತೆರೆಯದಿದ್ದರೆ, ‘ಡೆವ್.ಆಫ್’ ಎಂಬ ಮುಕ್ತಾಯದ ಆದೇಶ ಬಿಟ್ಟುಹೋಗಿದೆಯೇ ಎಂದು ನೋಡಿರಿ. ಮಳೆಯ ಅಳತೆಯನ್ನು ೧೨ ಎಂದು ಕನ್ನಡ ಅಂಕಿಯಲ್ಲಿ ಕೊಟ್ಟರೆ ಆರ್ ಅದನ್ನು ಸಂಖ್ಯೆಯೆಂದು ಗ್ರಹಿಸದು. ಲೆಕ್ಕಕ್ಕೆ 12 ಎಂದೇ ಕೊಟ್ಟು, ಹೆಸರುಗಳನ್ನು ಕನ್ನಡದಲ್ಲಿ ಬರೆಯಿರಿ.

ಎಲ್ಲಕ್ಕಿಂತ ಮುಖ್ಯವಾದ ನಿಯಮವೊಂದುಂಟು: ಒಮ್ಮೆಗೆ ಒಂದನ್ನೇ ಬದಲಿಸಿ ಪರೀಕ್ಷಿಸಬೇಕು. ಹಲವನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು.

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಗಣಕದ ಮುಂದೆ ಇಂಗ್ಲಿಷು ಎಂಬ ಹಂಚಿಕೆ ವಿಧಿನಿಯಮವೇನಲ್ಲ. ಚೌಕಗಳ ಹಿಂದಿನ ಕಾರಣವನ್ನು ಹುಡುಕಿ ತೆಗೆದ ವಿದ್ಯಾರ್ಥಿಯು ತನ್ನ ಪಟವನ್ನಷ್ಟೇ ಅಲ್ಲ, ಶಾಸ್ತ್ರದಲ್ಲಿ ತನ್ನ ಭಾಷೆಯ ಸ್ಥಾನವನ್ನೂ ಉಳಿಸಿಕೊಳ್ಳುವನು.