ಸೂರ್ಯ ಸಿಡಿದರೆ ಹಂಗಳದ ಕರೆಂಟ್ ಹೋಗುತ್ತಾ?

ನಮ್ಮೂರು ಹಂಗಳದಲ್ಲಿ ಕರೆಂಟ್ ಹೋದರೆ ಗಾಳಿ, ಮಳೆ, ತಂತಿ ಮೇಲೆ ಬಿದ್ದ ಕೊಂಬೆ ಅಂತ ಕಾರಣ ಹುಡುಕ್ತೀವಿ. ಸೂರ್ಯನೂ ಕರೆಂಟ್ ತೆಗೆಯಬಲ್ಲ, ಗೊತ್ತಾ?

1989ರ ಮಾರ್ಚ್ 13, ಕೆನಡಾದ ಕ್ವಿಬೆಕ್. ಎರಡು ನಿಮಿಷದೊಳಗೆ ಇಡೀ ಗ್ರಿಡ್ ಕುಸಿಯಿತು. 60 ಲಕ್ಷ ಜನ ಸುಮಾರು 9 ಗಂಟೆ ಕತ್ತಲಲ್ಲಿ. ಕಾರಣ ಸೂರ್ಯ.

ಸೂರ್ಯನಿಂದ ಸಿಡಿದ ಕಣಗಳ ಮೋಡ ಬಂದು ಭೂಮಿಯ ಕಾಂತಕ್ಷೇತ್ರವನ್ನು ಅಲುಗಾಡಿಸುತ್ತೆ. ಅದು ಅಲುಗಿದರೆ ನೆಲದಲ್ಲೇ ವಿದ್ಯುತ್ ಹುಟ್ಟುತ್ತೆ. ಸೈಕಲ್ ಡೈನಮೋ ಒಳಗೆ ಆಗೋದೂ ಇದೇ ತತ್ವ. ಆ ವಿದ್ಯುತ್ ಅರ್ಥಿಂಗ್ ಹಿಡಿದು ದೊಡ್ಡ ಟ್ರಾನ್ಸ್‌ಫಾರ್ಮರ್ ಒಳಗೆ ಹತ್ತುತ್ತೆ. ಎ.ಸಿ.ಗೆಂದು ಮಾಡಿದ ಯಂತ್ರಕ್ಕೆ ಈ ಡಿ.ಸಿ. ಥರದ ಕರೆಂಟ್ ಒಗ್ಗಲ್ಲ. ಒಳಗಿನ ಕಬ್ಬಿಣ ಕಾಯುತ್ತೆ, ಗುಂಯ್‌ಗುಡುತ್ತೆ, ವೋಲ್ಟೇಜ್ ಜಾರುತ್ತೆ. ಒಂದಾದ ಮೇಲೊಂದು ಟ್ರಿಪ್.

ನಮ್ಮ ಪಂಪ್‌ಸೆಟ್ಟಿನ ಸಣ್ಣ ಟ್ರಾನ್ಸ್‌ಫಾರ್ಮರ್‌ಗೆ (ಟಿ.ಸಿ.) ಈ ಭಯ ಬೇಡ. ಹೊಡೆತ ಬೀಳೋದು ನೂರಾರು ಕಿಲೋಮೀಟರ್ ಉದ್ದದ ಹೈಟೆನ್ಷನ್ ಲೈನಿಗೆ. ಹಂಗಳ ಧ್ರುವದಿಂದ ಬಹು ದೂರ, ಅಪಾಯವೂ ಕಡಿಮೆ. ಆದರೆ 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನು ದಕ್ಷಿಣದ ಗ್ರಿಡ್ಡನ್ನು ದೇಶದ ಗ್ರಿಡ್ಡಿಗೆ ಬೆಸೆಯಿತು. ಕಾಶ್ಮೀರಕ್ಕೂ ನಮಗೂ ಈಗ ಒಂದೇ ಗ್ರಿಡ್; ಅಲ್ಲಿನ ಪೆಟ್ಟು ಇಲ್ಲಿಗೂ ತಟ್ಟಬಹುದು.

2024ರ ಮೇ ತಿಂಗಳಲ್ಲಿ ಎರಡು ದಶಕಗಳಲ್ಲೇ ದೊಡ್ಡ ಸೌರಬಿರುಗಾಳಿ ಬಂತು. ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾಯಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳು ಅದನ್ನು ಸೆರೆಹಿಡಿದವು. ನಮ್ಮ ಗ್ರಿಡ್ ಕುಸಿಯಲಿಲ್ಲ.

ಅದೇ ಸಂಸ್ಥೆ ಕಟ್ಟಿದ ಉಪಕರಣ ಇಸ್ರೋದ ಆದಿತ್ಯ-ಎಲ್1ರಲ್ಲಿ, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ ನಿಂತು ಸೂರ್ಯನ ಮೇಲೆ ಕಣ್ಣಿಟ್ಟಿದೆ. ಕಣಗಳ ಮೋಡ ಇಲ್ಲಿ ಮುಟ್ಟಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ. ಲೈನಿನ ಲೋಡ್ ಇಳಿಸಲು ಅಷ್ಟು ಸಮಯ ಸಾಕು.