ಕುಣಿಗಲ್ಲಿನ ‘ಕಲ್’, ಮಂಡಿಪೇಟೆಯ ‘ಕಲ್’

‘ಕುಣಿಗಲ್’ ಎಂಬ ಊರಹೆಸರಿನ ಕೊನೆಯ ‘ಗಲ್’ ಕನ್ನಡ ಕಿವಿಗೆ ‘ಕಲ್’ ಎಂದೇ ಕೇಳುತ್ತದೆ. ಮಳೆ, ಕಾಲ ಸೇರಿ ಮಳೆಗಾಲ ಆಗುವಂತೆ ಕುಣಿ, ಕಲ್ ಸೇರಿದರೆ ಕುಣಿಗಲ್. ಶಾಲೆಯ ವ್ಯಾಕರಣ ಇದನ್ನು ಆದೇಶ ಸಂಧಿ ಎನ್ನುತ್ತದೆ. ಶಿವ ಇಲ್ಲಿ ಕುಣಿದನೆಂದೂ, ಅದರಿಂದಲೇ ‘ಕುಣಿವ ಕಲ್ಲು’ ಎಂಬ ಹೆಸರು ಬಂತೆಂದೂ ಐತಿಹ್ಯ. ಕುಣಿ ಎಂದರೆ ಗುಂಡಿ ಎಂಬ ಅರ್ಥವೂ ಇರುವುದರಿಂದ ಹೆಸರಿನ ಮೊದಲ ಭಾಗವನ್ನು ಬೇರೆ ರೀತಿಯಲ್ಲಿ ಬಿಡಿಸಲೂ ದಾರಿಯುಂಟು. ಆದರೆ ಕೊನೆಯ ಭಾಗ ಕೇಳಿದೊಡನೆ ಕಲ್ಲು ಕಣ್ಣಮುಂದೆ ಬರುತ್ತದೆ.

ಕಲ್ ಹಳಗನ್ನಡದ ರೂಪ. ವ್ಯಂಜನದಲ್ಲಿ ಮುಗಿಯುತ್ತಿದ್ದ ಹಳೆಯ ಪದಗಳಿಗೆ ಮುಂದೆ ‘ಉ’ ಸೇರಿತು: ಮೀನ್ ಮೀನಾಯಿತು, ಪಾಲ್ ಹಾಲಾಯಿತು. ಹ್ರಸ್ವ ಸ್ವರದ ಚಿಕ್ಕ ಪದಗಳಲ್ಲಿ ವ್ಯಂಜನ ಇಮ್ಮಡಿಯೂ ಆಯಿತು. ಕಣ್ ಕಣ್ಣು, ಪಲ್ ಹಲ್ಲು, ಕಲ್ ಕಲ್ಲು. ಮಾತಿನಲ್ಲಿ ಬದಲಾದದ್ದು ಊರಹೆಸರುಗಳಲ್ಲಿ ಹಾಗೆಯೇ ಉಳಿಯಿತು. ತುಮಕೂರು ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಪಾವಗಡ ತಾಲ್ಲೂಕಿನ ನಿಡುಗಲ್ಲಿನಲ್ಲಿಯೂ ಅದೇ ಕಲ್ ಇದೆ. ನಿಡು ಎಂದರೆ ಉದ್ದ, ಎತ್ತರ. ನಿಡುಗಲ್ ಎಂಬ ಹೆಸರನ್ನು ಅಲ್ಲಿಂದ ಆಳಿದ ಚೋಳ ಮನೆತನವೊಂದು ತನ್ನ ಹೆಸರಿಗೆ ಕಟ್ಟಿಕೊಂಡಿತು. ತೆಲುಗು ನಾಡಿನ ವಾರಂಗಲ್ಲಿನ ಹಳೆಯ ಹೆಸರು ಓರುಗಲ್ಲು, ಅಂದರೆ ಒಂಟಿಕಲ್ಲು. ಸಂಸ್ಕೃತದಲ್ಲಿ ಅದೇ ಏಕಶಿಲಾನಗರಿ. ತಮಿಳುನಾಡಿನ ನಾಮಕ್ಕಲ್, ದಿಂಡುಕ್ಕಲ್ ಕೂಡ ಇದೇ ಸಾಲಿನ ಹೆಸರುಗಳು.

ಬಂಡೆಬೆಟ್ಟಗಳ ತುಮಕೂರು ಸೀಮೆಯಲ್ಲಿ ಕಲ್ಲು ಇಷ್ಟು ಕೆಲಸ ಮಾಡುವುದು ಸಹಜ. ಮಧುಗಿರಿಯ ಏಕಶಿಲೆ, ದೇವರಾಯನದುರ್ಗ, ಹುತ್ರಿದುರ್ಗ, ಹುಲಿಯೂರುದುರ್ಗ, ಎತ್ತ ನೋಡಿದರೂ ಬಂಡೆ. ಮನೆಯೊಳಗೆ ಬೀಸುವ ಕಲ್ಲು, ಒರಳುಕಲ್ಲು, ಕಲ್ಲುಪ್ಪು, ಕಲ್ಲುಸಕ್ಕರೆ, ಆಕಾಶದಿಂದ ಬೀಳುವುದು ಆಲಿಕಲ್ಲು, ದಾರಿಯಲ್ಲಿ ಮೈಲಿಗಲ್ಲು, ಊರ ಹೊರಗೆ ವೀರಗಲ್ಲು, ಮಾಸ್ತಿಗಲ್ಲು. ಕಾಳಗದಲ್ಲಿ ಸತ್ತ ವೀರನ ನೆನಪಿಗೆ ಕೊಟ್ಟ ಭೂಮಿಗೆ ಶಾಸನಗಳಲ್ಲಿ ‘ಕಲ್ನಾಡು’ ಎಂಬ ಹೆಸರು. ಬಿ. ಎಲ್. ರೈಸ್ ಸಂಪಾದಿಸಿದ ಶಾಸನಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೆಯ ಸಂಪುಟ ಪೂರ್ತಿಯಾಗಿ ತುಮಕೂರು ಜಿಲ್ಲೆಯದು, 1904ರಲ್ಲಿ ಬಂದದ್ದು. ಈ ಜಿಲ್ಲೆಯ ಹಳೆಯ ಮಾತು ಉಳಿದುಬಂದಿರುವುದೂ ಹೆಚ್ಚಾಗಿ ಕಲ್ಲಿನ ಮೇಲೆಯೇ.

ಕನ್ನಡದೊಳಗೇ ಇನ್ನೊಂದು ಕಲ್ ಇದೆ. ಹಳಗನ್ನಡದಲ್ಲಿ ‘ಕಲ್’ ಧಾತುವಿಗೆ ಅರಿ, ಅಭ್ಯಾಸ ಮಾಡು ಎಂದರ್ಥ. ಇಂದಿನ ಕಲಿ, ಕಲಿಕೆ ಅದರ ಸಂತಾನ. ತಮಿಳಿನಲ್ಲಿ ಇಂದಿಗೂ ಕಲ್ ಎಂದರೆ ಕಲ್ಲೂ ಹೌದು, ಕಲಿ ಎಂಬ ಅಪ್ಪಣೆಯೂ ಹೌದು. ಅಲ್ಲಿಯ ‘ಕಲ್ವಿ’ ಎಂದರೆ ವಿದ್ಯೆ. ಕಲ್ಲಿನ ಮೇಲೆ ಬರೆದು ಕಲಿತರು, ಅದಕ್ಕೇ ಕಲಿ ಎಂದಾಯಿತು ಎಂದು ಕಥೆ ಕಟ್ಟುವುದು ಸುಲಭ, ಕೇಳಲೂ ಇಂಪು. ಆದರೆ ಅದಕ್ಕೆ ಆಧಾರವಿಲ್ಲ. ಟಿ. ಬರೋ ಮತ್ತು ಎಂ. ಬಿ. ಎಮೆನೊ 1961ರಲ್ಲಿ ಹೊರತಂದ ದ್ರಾವಿಡ ಭಾಷೆಗಳ ನಿಷ್ಪತ್ತಿ ಕೋಶ ಎರಡನ್ನೂ ಬೇರೆ ಬೇರೆ ನಮೂದುಗಳಾಗಿಯೇ ಇಟ್ಟಿದೆ. ಒಂದೇ ಬಾಗಿಲಲ್ಲಿ ಎರಡು ಸಂಸಾರ ವಾಸವಿದ್ದಂತೆ ಒಂದೇ ಧ್ವನಿಯಲ್ಲಿ ಎರಡು ಪದಗಳು.

ಪಾವಗಡದ ಕಡೆಗೆ ಹೋದಂತೆ ವಿಷಯ ಇನ್ನೂ ಸೊಗಸಾಗುತ್ತದೆ. ಅಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಜಗಲಿಯ ಮಾತು. ಕನ್ನಡದಲ್ಲಿ ‘ಲ’ ಬಂದರೆ ಕಲ್ಲು, ‘ಳ’ ಬಂದರೆ ಕಳ್ಳು, ಅಂದರೆ ಈಚಲು ಮರದ ಸೇಂದಿ. ತೆಲುಗಿನಲ್ಲಿ ಸೇಂದಿಗೆ ‘ಲ’ಕಾರದ ‘ಕಲ್ಲು’ ಎನ್ನುತ್ತಾರೆ. ‘ಳ’ಕಾರದ ‘ಕಳ್ಳು’ ಎಂದರೆ ಅಲ್ಲಿ ಕಣ್ಣುಗಳು. ‘ಕನ್ನು’ ಎಂಬುದರ ಬಹುವಚನ. ಕನ್ನಡದ ಕಲ್ಲಿನ ಜಾಗದಲ್ಲಿ ತೆಲುಗಿನ ಸೇಂದಿ, ಕನ್ನಡದ ಸೇಂದಿಯ ಜಾಗದಲ್ಲಿ ತೆಲುಗಿನ ಕಣ್ಣು. ತೆಲುಗಿನವರು ‘ಕಲ್ಲು ತಾಗಾಡು’ ಎಂದರೆ ಯಾರೋ ಸೇಂದಿ ಕುಡಿದನೆಂದು ಅರ್ಥ. ‘ಕಳ್ಳು ಮೂಸುಕೋ’ ಎಂದರೆ ಕಣ್ಣು ಮುಚ್ಚಿಕೋ ಎಂದು. ಕಲ್ಲಿಗೆ ಬೇಕಾದರೆ ಅವರ ಬಳಿ ‘ರಾಯಿ’ ಎಂಬ ಬೇರೆ ಪದವೇ ಇದೆ. ಎರಡು ಭಾಷೆಯನ್ನೂ ಬಲ್ಲ ಗಡಿಯ ಜನಕ್ಕೆ ಇದರಿಂದ ತೊಡಕೇನೂ ಇಲ್ಲ. ಪಕ್ಕದ ಪದ ಕನ್ನಡದ್ದೋ ತೆಲುಗಿನದ್ದೋ ಎಂಬುದು ತಿಳಿದ ಕ್ಷಣವೇ ಅರ್ಥ ತಾನಾಗಿ ನಿಲ್ಲುತ್ತದೆ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ರಳ, ಕುಳ, ಕ್ಷಳ ಎಂದು ಳಕಾರಗಳನ್ನು ಅಷ್ಟು ಕಾಳಜಿಯಿಂದ ಬೇರ್ಪಡಿಸಿದ್ದು ಏಕೆಂದು ಇಂಥ ಜೋಡಿಗಳನ್ನು ನೋಡಿದರೆ ತಿಳಿಯುತ್ತದೆ. ನಾಲಗೆ ತುಸು ಹಿಂದಕ್ಕೆ ಮಡಚಿತೋ ಇಲ್ಲವೋ ಎಂಬುದರ ಮೇಲೆ ಬಂಡೆ ಸೇಂದಿಯಾಗುತ್ತದೆ.

ತುಮಕೂರು ನಗರದ ಮಂಡಿಪೇಟೆಯಲ್ಲಿ ಕೇಳುವ ಕಲ್ ಬೇರೊಂದು. ಪೇಟೆಯ ಹೆಸರಿನಲ್ಲಿಯೇ ಇಂಥದೊಂದು ಹೋಲಿಕೆಯಿದೆ: ಕನ್ನಡದಲ್ಲಿ ಮಂಡಿ ಎಂದರೆ ಮೊಣಕಾಲು, ಉರ್ದು–ಹಿಂದಿಯಲ್ಲಿ ಮಂಡಿ ಎಂದರೆ ಸಗಟು ಮಾರುಕಟ್ಟೆ. ಇದೇ ಜಿಲ್ಲೆಯ ಸಿರಾ 1687ರಲ್ಲಿ ಮೊಗಲರ ಸುಬಾದ ರಾಜಧಾನಿಯಾಯಿತು. ಅದಕ್ಕೂ ಮೊದಲು ಬಿಜಾಪುರದ ಆದಿಲಶಾಹಿಗಳ ಆಳ್ವಿಕೆ ಇತ್ತು. ಪಾರಸಿ ದಫ್ತರದ ಭಾಷೆಯಾಗಿ, ದಖ್ಖನಿ ಮನೆಮಾತಾಗಿ ಈ ಜಿಲ್ಲೆಯಲ್ಲಿ ನೆಲೆಸಿದ್ದು ಹೀಗೆ. ದಖ್ಖನಿಯಲ್ಲಿಯೂ ಹಿಂದಿಯಲ್ಲಿಯೂ ‘ಕಲ್’ ಎಂದರೆ ನಿನ್ನೆ. ‘ಕಲ್’ ಎಂದರೆ ನಾಳೆಯೂ ಹೌದು.

ಕನ್ನಡಿಗರಿಗೆ ಹಿಂದಿ ಕಲಿಯುವಾಗ ಮೊದಲು ಗೊಂದಲವಾಗುವುದು ಇಲ್ಲೇ. ಆಗಿಹೋದ ದಿನಕ್ಕೂ ಬರಲಿರುವ ದಿನಕ್ಕೂ ಒಂದೇ ಪದ ಹೇಗೆ ಸಾಕಾಗುತ್ತದೆ? ಮೂಲ ಸಂಸ್ಕೃತದ ‘ಕಲ್ಯ’ದಲ್ಲಿದೆ. ಕಲ್ಯ ಎಂದರೆ ಬೆಳಗಿನ ಜಾವ. ಪ್ರಾಕೃತದಲ್ಲಿ ಅದು ‘ಕಲ್ಲ’ವಾಗಿ, ಮುಂದೆ ‘ಕಲ್’ ಆಗಿ ಸವೆಯಿತು. ಇಂದಿನ ದಿನದ ಆಚೆಗೂ ಒಂದು ಬೆಳಗು, ಈಚೆಗೂ ಒಂದು ಬೆಳಗು. ಯಾವ ಬೆಳಗೆಂಬುದನ್ನು ಹೇಳುವ ಹೊಣೆಯನ್ನು ಹಿಂದಿ ಕ್ರಿಯಾಪದಕ್ಕೆ ಒಪ್ಪಿಸಿದೆ. ‘ಕಲ್ ಆಯಾ’ ಎಂದರೆ ನಿನ್ನೆ ಬಂದ, ‘ಕಲ್ ಆಯೇಗಾ’ ಎಂದರೆ ನಾಳೆ ಬರುತ್ತಾನೆ. ‘ಪರಸೋಂ’ ಕೂಡ ಹೀಗೆಯೇ ಮೊನ್ನೆ, ನಾಡಿದ್ದು ಎರಡನ್ನೂ ಹೊರುತ್ತದೆ. ಗುಜರಾತಿ ಭಾಷಿಕರು ಸ್ವರ ಎಳೆದು ಹೋದ ‘ಕಾಲ್’, ಬರುವ ‘ಕಾಲ್’ ಎಂದು ವಿಶೇಷಣ ಸೇರಿಸಿ ಬೇರ್ಪಡಿಸಿಕೊಂಡಿದ್ದಾರೆ. ಮರಾಠಿಯಲ್ಲಿಯೂ ಸ್ವರ ದೀರ್ಘವೇ, ಆದರೆ ‘ಕಾಲ್’ ನಿನ್ನೆಗಷ್ಟೇ ನಿಂತಿದೆ, ನಾಳೆಗೆ ‘ಉದ್ಯಾ’. ಅದೇ ಮರಾಠಿಯ ‘ಕಳ್’ ಎಂದರೆ ಮೈಯೊಳಗೆ ಏಳುವ ನೋವು.

ಇದನ್ನು ಕಂಡು ಹಿಂದಿಯವರಿಗೆ ಕಾಲದ ಪ್ರಜ್ಞೆ ಕಡಿಮೆ ಎಂದು ಹೇಳುವವರಿದ್ದಾರೆ. ಆ ಮಾತು ತಪ್ಪು. ಕನ್ನಡದ ‘ಬರ್ತೀನಿ’ಯನ್ನು ಎದುರಿಗಿಟ್ಟರೆ ಸಾಕು, ತಪ್ಪು ಗೊತ್ತಾಗುತ್ತದೆ. ‘ದಿನಾ ಬರ್ತೀನಿ’, ‘ಈಗ ಬರ್ತೀನಿ’, ‘ನಾಳೆ ಬರ್ತೀನಿ’ ಮೂರರಲ್ಲಿಯೂ ಕ್ರಿಯಾಪದ ಒಂದೇ. ಕಾಲವನ್ನು ಹೇಳುವುದು ದಿನಾ, ಈಗ, ನಾಳೆ ಎಂಬ ಪದಗಳು. ಹಿಂದಿ ದಿನವಾಚಕವನ್ನು ಸಡಿಲ ಬಿಟ್ಟು ಕ್ರಿಯೆಯನ್ನು ಬಿಗಿ ಹಿಡಿಯಿತು, ಕನ್ನಡ ದಿನವಾಚಕವನ್ನು ಬಿಗಿ ಹಿಡಿದು ಕ್ರಿಯೆಯನ್ನು ಸಡಿಲ ಬಿಟ್ಟಿತು. ಈ ನೆಲದ ದಖ್ಖನಿಯಲ್ಲಿ ಇವೆರಡೂ ಬೆರೆತಿರುವುದು ನಿಜಕ್ಕೂ ಅಪರೂಪದ ಸಂಗತಿ. ದಖ್ಖನಿ ಆಡುವವರು ನಾಳೆ ಬರುವೆ ಎನ್ನಲು ‘ಕಲ್ ಆತೂಂ’ ಎನ್ನುತ್ತಾರೆ. ‘ಆತೂಂ’ ಎಂಬುದು ‘ಬರ್ತೀನಿ’ಯಂತೆಯೇ ವರ್ತಮಾನಕ್ಕೂ ಭವಿಷ್ಯಕ್ಕೂ ಸಲ್ಲುವ ರೂಪ. ಪದ ಸಂಸ್ಕೃತದ ಕಲ್ಯದಿಂದ ಬಂದದ್ದು, ಅದನ್ನು ಬಳಸುವ ಬಗೆ ಕನ್ನಡ–ತೆಲುಗುಗಳ ನೆರೆಯಲ್ಲಿ ಪಳಗಿದ್ದು.

ಉರ್ದು ಲಿಪಿಯಲ್ಲಿ ಈ ಪದ ಬರೆಯಲು ಎರಡೇ ಅಕ್ಷರ ಸಾಕು, ಕಾಫ್ ಮತ್ತು ಲಾಮ್. ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯದ ಲಿಪಿಯಾದ್ದರಿಂದ ಅದೇ ಎರಡಕ್ಷರವನ್ನು ‘ಕುಲ್’ ಎಂದೂ ಓದಬಹುದು. ಅದರರ್ಥ ಒಟ್ಟು, ಎಲ್ಲ. ಅರಬ್ಬಿಯ ಆ ಕುಲ್ ‘ಬಿಲ್ಕುಲ್’ ಎಂಬ ಪದದೊಳಗೆ ಕೂತು ಕನ್ನಡಕ್ಕೂ ಬಂದಿದೆ. ಗುಬ್ಬಿ ಸಂತೆಯಲ್ಲಿ ‘ಬಿಲ್ಕುಲ್ ಆಗಲ್ಲ’ ಎಂದು ಚೌಕಾಶಿ ಮುರಿಯುವವರಿಗೆ ಅದು ಹೊರಗಿನ ಪದವೆಂಬ ಅನುಮಾನವೂ ಬರುವುದಿಲ್ಲ. ಅರಬ್ಬಿಯಲ್ಲಿ ‘ಕುಲ್’ ಎಂದರೆ ತಿನ್ನು ಎಂಬ ಅಪ್ಪಣೆ ಕೂಡ. ಪಾರಸಿಯಲ್ಲಿ ಅದೇ ಬರವಣಿಗೆ ‘ಕಲ್’ ಎಂದು ಓದಿದಾಗ ಬೋಳುತಲೆಯವನು. ಸ್ವೀಡಿಷ್ ಭಾಷೆಯಲ್ಲಿ ಸ್ವರ ಎಳೆದು ‘ಕಾಲ್’ ಎಂದರೆ ಬೋಳು, ಬರಿದು. ಜರ್ಮನ್ನಿನಲ್ಲಿಯೂ ಹಾಗೆಯೇ. ಕನ್ನಡ ಓದುಗರಿಗೆ ಇಲ್ಲಿ ಸಂಸ್ಕೃತದ ‘ಖಲ್ವಾಟ’ ನೆನಪಾದರೆ ಆಶ್ಚರ್ಯವಿಲ್ಲ.

ಹಿಂದಿಯಲ್ಲಿಯೇ ಕಲ್ ಎಂದರೆ ಯಂತ್ರ ಎಂಬ ಅರ್ಥವೂ ಇದೆ. ಯಂತ್ರದ ಬಿಡಿಭಾಗಗಳಿಗೆ ‘ಕಲ್–ಪುರ್ಜಾ’, ಕಾರ್ಖಾನೆಗಳಿಗೆ ಒಟ್ಟಾಗಿ ‘ಕಲ್–ಕಾರಖಾನಾ’. ಎಚ್‌ಎಂಟಿ ಕೈಗಡಿಯಾರ ತಯಾರಿಸುತ್ತಿದ್ದ ತುಮಕೂರಿಗೆ, 2023ರ ಫೆಬ್ರುವರಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಆರಂಭವಾದ ಗುಬ್ಬಿ ತಾಲ್ಲೂಕಿಗೆ ಈ ಕಲ್ ಕೂಡ ಹೊಂದುವ ಮಾತೇ.

ಇನ್ನು ದೂರದ ನಾಡುಗಳು. ತುರ್ಕಿಯಲ್ಲಿ ‘ಕಲ್’ ಎಂದರೆ ಇರು, ಉಳಿ. ಹೊರಟು ನಿಂತವರು ಮನೆಯಲ್ಲಿ ಉಳಿಯುವವರಿಗೆ ‘ಹೊಷ್ಚಾ ಕಲ್’ ಎನ್ನುತ್ತಾರೆ, ಸುಖವಾಗಿರು ಎಂದು. ನಮ್ಮಲ್ಲಿ ಹೊರಟವರು ‘ಹೋಗಿ ಬರ್ತೀನಿ’ ಎಂದು ತಮ್ಮ ಮರಳುವಿಕೆಯ ಮಾತಾಡಿದರೆ, ಅಲ್ಲಿ ಉಳಿದವರ ಕ್ಷೇಮದ ಮಾತು. ಅಲ್ಬೇನಿಯಾದಲ್ಲಿ ‘ಕಲಿ’ ಎಂದರೆ ಕುದುರೆ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ಲಿಗೆ ಈ ಅರ್ಥ ಹೇಳಿ ಮಾಡಿಸಿದಂತಿದೆ. ಆದರೆ ನಂಟು ಎಳ್ಳಷ್ಟೂ ಇಲ್ಲ.

ನಂಟಿಲ್ಲದೆ ಇಷ್ಟೊಂದು ಹೋಲಿಕೆ ಬರುವುದಕ್ಕೆ ಕಾರಣ ಲೆಕ್ಕದಲ್ಲಿದೆ. ಒಂದು ಭಾಷೆಯಲ್ಲಿ 20 ವ್ಯಂಜನ, 5 ಸ್ವರ ಇವೆ ಎಂದುಕೊಂಡರೆ ವ್ಯಂಜನ–ಸ್ವರ–ವ್ಯಂಜನದ ಚಿಕ್ಕ ಪದಗಳು ಹೆಚ್ಚೆಂದರೆ 20×5×20, ಅಂದರೆ 2,000. ಜಗತ್ತಿನಲ್ಲಿ ಸುಮಾರು 7,000 ಭಾಷೆಗಳಿವೆ. ಒಂದೊಂದಕ್ಕೂ ಸಾವಿರಾರು ಪದಗಳು ಬೇಕು. ಜೊತೆಗೆ ಕ, ಅ, ಲ ಮೂರೂ ಬಹುಪಾಲು ಭಾಷೆಗಳಲ್ಲಿ ಸಿಗುವ ಸುಲಭದ ಧ್ವನಿಗಳು. ಆದ್ದರಿಂದ ಕಲ್ ಎಂಬುದು ಹತ್ತಾರು ಕಡೆ ಹತ್ತಾರು ಅರ್ಥದಲ್ಲಿ ಹುಟ್ಟದಿದ್ದರೇ ಅಚ್ಚರಿಪಡಬೇಕು. ಸದ್ದು ಒಂದೇ ಎಂಬ ಕಾರಣಕ್ಕೆ ಕನ್ನಡದಿಂದ ತುರ್ಕಿಗೆ, ತುರ್ಕಿಯಿಂದ ಕನ್ನಡಕ್ಕೆ ಸಂಬಂಧ ಹೆಣೆಯುವ ಪುಸ್ತಕಗಳು ಆಗಾಗ ಬರುತ್ತಲೇ ಇರುತ್ತವೆ. ಅವು ಭಾಷೆಯ ಮೇಲಿನ ಪ್ರೀತಿಯಿಂದ ಬರೆದವೇ ಆದರೂ ದಾರಿ ತಪ್ಪಿಸುತ್ತವೆ.

ನಿಜವಾದ ರಕ್ತಸಂಬಂಧ ಹಲವು ಬಾರಿ ಸದ್ದಿನ ವ್ಯತ್ಯಾಸದಲ್ಲಿ ಸಿಗುತ್ತದೆ, ಆ ವ್ಯತ್ಯಾಸ ಒಂದು ಕ್ರಮಕ್ಕೆ ಒಳಪಟ್ಟಿದ್ದರೆ. ಕುಣಿಗಲ್ಲಿನಿಂದ ಬಹುದೂರ, ಬಲೂಚಿಸ್ತಾನದಲ್ಲಿ ಆಡುವ ಬ್ರಾಹೂಯಿಯಲ್ಲಿ ಕಲ್ಲಿಗೆ ‘ಖಲ್’ ಎನ್ನುತ್ತಾರೆ, ಗಂಟಲಿನಿಂದ ಉಜ್ಜಿ ಬರುವ ಖಕಾರದಲ್ಲಿ. ಅಲ್ಲಿಯೇ ಕಣ್ಣಿಗೆ ‘ಖನ್’. ನಮ್ಮ ಕಕಾರ ಎರಡರಲ್ಲಿಯೂ ಒಂದೇ ರೀತಿಯಲ್ಲಿ ಖಕಾರವಾಗಿರುವುದೇ ಈ ಭಾಷೆ ದ್ರಾವಿಡ ಕುಟುಂಬದ್ದೆಂಬುದಕ್ಕೆ ಸಾಕ್ಷಿಗಳಲ್ಲೊಂದು. ಫಿನ್ನಿಷ್ ಭಾಷೆಯ ‘ಕಲ’ ಎಂದರೆ ಮೀನು. ಹಂಗೇರಿಯಲ್ಲಿ ಮೀನಿಗೆ ‘ಹಲ್’. ಸದ್ದು ಬೇರೆ, ಮೂಲ ಒಂದೇ. ಆ ಕುಟುಂಬದಲ್ಲಿ ಹಿಂದಿನ ಕಕಾರ ಹಂಗೇರಿಯಲ್ಲಿ ಹಕಾರವಾದದ್ದು ನಿಯಮ. ಪಾಲ್ ಹಾಲಾಗಿ, ಪಲ್ ಹಲ್ಲಾಗಿ, ಪೂ ಹೂವಾಗಿ ಪಕಾರವನ್ನು ಹಕಾರ ಮಾಡಿಕೊಂಡ ಕನ್ನಡಿಗರಿಗೆ ಈ ಬಗೆಯ ಬದಲಾವಣೆ ಹೊಸದೇನೂ ಅಲ್ಲ.

ಈಗ ಮೊಬೈಲಿನಲ್ಲಿ ಕನ್ನಡವನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ರೂಢಿ ಹೆಚ್ಚಿದೆ. ಆ ಬರವಣಿಗೆಯಲ್ಲಿ ಕಲ್ಲು, ಕಳ್ಳು ಎರಡಕ್ಕೂ ಒಂದೇ ರೂಪ. ಕಾಲು, ಕಾಳುಗಳಿಗೂ ಒಂದೇ ರೂಪ. ಅಳತೆಯ ಕಾಲು, ನಡೆಯುವ ಕಾಲು ಹೇಗೂ ಮೊದಲೇ ಬೆರೆತಿವೆ. ಕೇಶಿರಾಜ ಬೇರ್ಪಡಿಸಿದ ಧ್ವನಿಗಳು ಅಲ್ಲಿ ಒಂದರೊಳಗೊಂದು ಸೇರಿಹೋಗುತ್ತವೆ. ಕನ್ನಡ ಲಿಪಿಯಲ್ಲಿಯೇ ಬರೆಯಬೇಕೆನ್ನುವುದಕ್ಕೆ ಅಭಿಮಾನದ ಕಾರಣ ಇರಲಿ, ಇದು ಅರ್ಥದ ಕಾರಣ.

ಬೆಂಗಳೂರು–ಮಂಗಳೂರು ಹೆದ್ದಾರಿ ಕುಣಿಗಲ್ ಮೂಲಕ ಹಾಯುತ್ತದೆ. ಹೆದ್ದಾರಿಯ ಫಲಕದಲ್ಲಿ ಈ ಊರಹೆಸರು ದೇವನಾಗರಿಯಲ್ಲಿ ಕಂಡರೆ, ಸಂಧಿಯಿಂದ ಹುಟ್ಟಿದ ‘ಗಲ್’ ತನ್ನದೇ ಇನ್ನೊಂದು ಸರಣಿ ಆರಂಭಿಸುತ್ತದೆ. ಹಿಂದಿಯಲ್ಲಿ ಗಲ್ ಎಂಬುದು ಕರಗು ಎಂಬ ಅರ್ಥದ ಧಾತು, ಗಾಲ್ ಎಂದರೆ ಕೆನ್ನೆ. ಕನ್ನಡದ ಗಲ್ಲವೂ ಅದೇ. ಪಂಜಾಬಿನಿಂದ ಸರಕು ಹೊತ್ತು ಬಂದ ಲಾರಿಯ ಚಾಲಕ ಆ ಹೆಸರಿನ ಕೊನೆಯನ್ನು ತನ್ನ ಭಾಷೆಯಲ್ಲಿ ಕೇಳಿಸಿಕೊಂಡರೆ ಅವನಿಗೆ ಅಲ್ಲಿ ಕಲ್ಲಿಲ್ಲ. ಪಂಜಾಬಿಯಲ್ಲಿ ‘ಗಲ್’ ಎಂದರೆ ಮಾತು.